ಪ್ಯಾಚ್‌ನಲ್ಲಿ ಇಲ್ಲದ ಸಾಲನ್ನು ಓದುವುದು

ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ಅದರ ಕರಡು ಮನೆಯವರೆಲ್ಲರ ಕೈಗೂ ಬರುತ್ತದೆ. ಚಿಕ್ಕಪ್ಪ ತಮ್ಮ ಇನಿಷಿಯಲ್ ಸರಿ ಇದೆಯಾ ಅಂತ ನೋಡುತ್ತಾರೆ. ಅತ್ತೆ ತಮ್ಮ ಮಕ್ಕಳ ಹೆಸರು ಬಿಟ್ಟುಹೋಗಿಲ್ಲ ತಾನೆ ಅಂತ ಹುಡುಕುತ್ತಾರೆ. ಇನ್ಯಾರೋ ಕಾಗುಣಿತ ತಿದ್ದುತ್ತಾರೆ. ಪತ್ರಿಕೆ ಅಚ್ಚಾಗಿ ಬಂದು, ಅರ್ಧ ಊರಿಗೆ ಹಂಚಿದ ಮೇಲೆ ಒಬ್ಬರು ಫೋನ್ ಮಾಡಿ ಕೇಳುತ್ತಾರೆ: "ಆರತಕ್ಷತೆ ಎಷ್ಟು ಗಂಟೆಗೆ? ಪತ್ರಿಕೆಯಲ್ಲಿ ಹಾಕೇ ಇಲ್ಲವಲ್ಲ." ಅಚ್ಚಾದ ಒಂದೊಂದು ಅಕ್ಷರವೂ ಸರಿಯಾಗಿತ್ತು. ತಪ್ಪಿದ್ದದ್ದು ಅಲ್ಲಿ ಇಲ್ಲದೇ ಹೋದ ಸಾಲಿನಲ್ಲಿ.

ಓಪನ್ ಸೋರ್ಸ್ ಪ್ರಾಜೆಕ್ಟ್‌ನಲ್ಲಿ ಕೋಡ್ ರಿವ್ಯೂ ಮಾಡುವುದು ಹೇಗೆ ಅಂತ ಹೊಸಬರು ಕೇಳಿದಾಗಲೆಲ್ಲ ನನಗೆ ಈ ಲಗ್ನಪತ್ರಿಕೆ ನೆನಪಾಗುತ್ತದೆ. ಕಣ್ಣೆದುರು ಇರುವುದನ್ನು ತಿದ್ದುವುದು ಸುಲಭ. ಇರಬೇಕಾದದ್ದು ಇಲ್ಲ ಅಂತ ಗುರುತಿಸುವುದು ಕಷ್ಟ. ರಿವ್ಯೂ ಮಾಡುವವರಿಂದ ಪ್ರಾಜೆಕ್ಟ್‌ಗೆ ಬೇಕಾಗಿರುವುದು ಮುಖ್ಯವಾಗಿ ಈ ಎರಡನೆಯ ಕೆಲಸ.

ಈ ಲೋಕದ ಪರಿಚಯ ಇಲ್ಲದವರಿಗೆ ಮೊದಲು ಎರಡು ಮಾತು. ಓಪನ್ ಸೋರ್ಸ್ ತಂತ್ರಾಂಶದ ಕೋಡನ್ನು ಯಾರು ಬೇಕಾದರೂ ಓದಬಹುದು, ಬದಲಾವಣೆಯನ್ನೂ ಯಾರು ಬೇಕಾದರೂ ಸೂಚಿಸಬಹುದು. ಆದರೆ ಸೂಚಿಸಿದ್ದೆಲ್ಲ ನೇರವಾಗಿ ಒಳಗೆ ಹೋಗುವುದಿಲ್ಲ. ಬರೆದವರು ಅದನ್ನು ಒಂದು ಪ್ಯಾಚ್ ಆಗಿ, ಇಲ್ಲವೇ ಪುಲ್ ರಿಕ್ವೆಸ್ಟ್ ಆಗಿ ಕಳಿಸುತ್ತಾರೆ. ಉಳಿದವರು ಓದಿ, ಪ್ರಶ್ನೆ ಕೇಳಿ, ತಿದ್ದುಪಡಿ ಹೇಳುತ್ತಾರೆ. ಎಲ್ಲ ಸರಿಹೋದ ಮೇಲೆ ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್ ಅದನ್ನು ಮರ್ಜ್ ಮಾಡುತ್ತಾರೆ, ಅಂದರೆ ಮುಖ್ಯ ಕೋಡ್‌ಗೆ ಸೇರಿಸುತ್ತಾರೆ.

ಪದ್ಧತಿ ಒಂದೊಂದು ಕಡೆ ಒಂದೊಂದು ಥರ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಪ್ಯಾಚ್‌ಗಳು ಇವತ್ತಿಗೂ ಇಮೇಲ್‌ನಲ್ಲೇ ಓಡಾಡುತ್ತವೆ. ಸುಮಾರು 9-10 ವಾರಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ, ಒಂದೊಂದರಲ್ಲೂ 10,000ಕ್ಕಿಂತ ಹೆಚ್ಚು ಬದಲಾವಣೆ ಇರುತ್ತವೆ. ನಮ್ಮ ಕನ್ನಡ ವಿಕಿಪೀಡಿಯ ಓಡುವುದು ಮೀಡಿಯಾವಿಕಿ ಎಂಬ ತಂತ್ರಾಂಶದ ಮೇಲೆ. ಅಲ್ಲಿ ಗೆರಿಟ್ ಎಂಬ ವ್ಯವಸ್ಥೆಯಲ್ಲಿ ಅಂಕ ಕೊಡುತ್ತಾರೆ. ಪ್ಲಸ್ 1 ಅಂದರೆ "ನನಗೆ ಸರಿ ಕಾಣುತ್ತದೆ, ಇನ್ನೊಬ್ಬರೂ ನೋಡಲಿ". ಪ್ಲಸ್ 2 ಅಂದರೆ "ಒಳಗೆ ಹೋಗಬಹುದು". ಪ್ಲಸ್ 2 ಕೊಡುವ ಹಕ್ಕು ಎಲ್ಲರಿಗೂ ಇರುವುದಿಲ್ಲ.

ರಿವ್ಯೂ ಮಾಡುವವರ ಮುಂದೆ ತೆರೆದುಕೊಳ್ಳುವ ಕಾಗದದ ಹೆಸರು ಡಿಫ್. ತೆಗೆದ ಸಾಲಿನ ಮುಂದೆ ಮೈನಸ್, ಸೇರಿಸಿದ ಸಾಲಿನ ಮುಂದೆ ಪ್ಲಸ್. ಸುಮ್ನೆ ಗುರುತು ಸಿಗಲಿ ಅಂತ ಬದಲಾಗದ ಸಾಲುಗಳನ್ನು ಮೇಲೆ ಮೂರು, ಕೆಳಗೆ ಮೂರು ತೋರಿಸುತ್ತದೆ. ಕೋಡ್‌ನ ಬದಲಾವಣೆಗಳ ಇತಿಹಾಸ ಇಟ್ಟುಕೊಳ್ಳುವ ಗಿಟ್ ಎಂಬ ಸಾಧನ ತಾನಾಗಿ ತೋರಿಸುವುದು ಅಷ್ಟೇ. ಮನೆಯ ಗೋಡೆಯಲ್ಲಿ ಬಿರುಕು ಬಿಟ್ಟಿದೆಯಾ ಅಂತ ಒಂದು ಸಣ್ಣ ಕಿಟಕಿಯಿಂದ ಇಣುಕಿ ಹೇಳಬೇಕಾದ ಹಾಗೆ. ಕಿಟಕಿಯಲ್ಲಿ ಕಂಡದ್ದೆಲ್ಲ ಚೆನ್ನಾಗಿದೆ ಅಂದಮಾತ್ರಕ್ಕೆ ಮನೆ ಗಟ್ಟಿ ಇದೆ ಅಂತ ಹೇಳಲಾಗದು, ಅಲ್ವಾ?

ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ. ಅದನ್ನು ನಿಧಾನವಾಗಿ ನೋಡೋಣ, ಯಾಕೆಂದರೆ ಅದೂ ರಿವ್ಯೂ ಆಗಿಯೇ ಒಳಗೆ ಹೋದ ಕೋಡ್.

ಬ್ಯಾಂಕಿನ ಜಾಲತಾಣಕ್ಕೆ ಹೋದಾಗ ಕೆಲವು ಬ್ರೌಸರ್‌ಗಳಲ್ಲಿ ಬೀಗದ ಚಿಹ್ನೆ ಕಾಣುತ್ತದಲ್ಲ, ಆ ಬೀಗದ ಕೆಲಸವನ್ನು ಬಹಳಷ್ಟು ಸರ್ವರ್‌ಗಳಲ್ಲಿ ಮಾಡುವುದು ಓಪನ್‌ಎಸ್‌ಎಸ್‌ಎಲ್ ಎಂಬ ಓಪನ್ ಸೋರ್ಸ್ ತಂತ್ರಾಂಶ. ಜರ್ಮನಿಯ ಒಬ್ಬ ಸಂಶೋಧನಾ ವಿದ್ಯಾರ್ಥಿ ಅದಕ್ಕೆ ಒಂದು ಹೊಸ ಸೌಲಭ್ಯ ಬರೆದು ಕೊಟ್ಟರು. ಅದರ ಹೆಸರು ಹಾರ್ಟ್‌ಬೀಟ್. ಎರಡು ಕಂಪ್ಯೂಟರ್‌ಗಳು ಮಾತಾಡುತ್ತಿರುವಾಗ ಮಧ್ಯೆ ಮಧ್ಯೆ "ಇದ್ದೀಯಾ?" "ಇದ್ದೀನಿ" ಅಂತ ಕೇಳಿಕೊಳ್ಳುವ ವ್ಯವಸ್ಥೆ. ತಂಡದ ಇನ್ನೊಬ್ಬರು ಓದಿ, ಒಪ್ಪಿ, 2011ರ ಡಿಸೆಂಬರ್ 31ರ ರಾತ್ರಿ ಅದನ್ನು ಒಳಗೆ ಸೇರಿಸಿದರು. 2012ರ ಮಾರ್ಚ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ 1.0.1 ಜೊತೆ ಅದು ಲೋಕಕ್ಕೆಲ್ಲ ಹೋಯಿತು.

ಕೆಲಸ ಹೀಗೆ. ಕೇಳುವವನು ಒಂದು ಸಂದೇಶ ಕಳಿಸುತ್ತಾನೆ. ಅದರಲ್ಲಿ ಒಂದು ಮಾತು ಇರುತ್ತದೆ, ಆ ಮಾತಿನ ಉದ್ದ ಎಷ್ಟು ಅಂತಲೂ ಬರೆದಿರುತ್ತದೆ. ಉದ್ದದ ಲೆಕ್ಕ ಬೈಟ್‌ನಲ್ಲಿ, ಇಂಗ್ಲಿಷ್‌ನ ಒಂದು ಅಕ್ಷರಕ್ಕೆ ಒಂದು ಬೈಟ್. "hello ಅನ್ನುವ ಈ 5 ಬೈಟ್ ಮಾತನ್ನು ವಾಪಸ್ ಹೇಳು" ಅಂದ ಹಾಗೆ. ಸರ್ವರ್ ಅದನ್ನೇ ತಿರುಗಿ ಹೇಳಬೇಕು.

ಈಗ ರಿವ್ಯೂ ಮಾಡುವವರ ಜಾಗದಲ್ಲಿ ಕೂತು ಆ ಕೋಡ್ ಓದೋಣ. ಮೊದಲ ಹೆಜ್ಜೆಯಲ್ಲಿ ಇದು ಯಾವ ಬಗೆಯ ಸಂದೇಶ ಅಂತ ಓದುತ್ತದೆ. ಸರಿ ಇದೆ. ಎರಡನೆಯದರಲ್ಲಿ ಸಂದೇಶದಿಂದ ಎರಡು ಬೈಟ್ ತೆಗೆದು ಅದನ್ನು ಉದ್ದ ಅಂತ ಇಟ್ಟುಕೊಳ್ಳುತ್ತದೆ. ಸರಿ ಇದೆ. ಆಮೇಲೆ ಉತ್ತರ ಬರೆಯಲು ಅಷ್ಟು ಉದ್ದದ ಜಾಗ ಮಾಡಿಕೊಳ್ಳುತ್ತದೆ. ಅದೂ ಸರಿ. ಕೊನೆಗೆ ಮೆಮ್‌ಕಾಪಿ ಎಂಬ ಆದೇಶದಿಂದ, ಬಂದ ಮಾತನ್ನು ಅಷ್ಟೇ ಉದ್ದಕ್ಕೆ ನಕಲು ಮಾಡಿ ವಾಪಸ್ ಕಳಿಸುತ್ತದೆ. ಅದೂ ಸರಿಯೇ. ಹೆಸರುಗಳು ಪರವಾಗಿಲ್ಲ, ಜಾಗವನ್ನು ಲೆಕ್ಕ ಹಾಕಿಯೇ ತೆಗೆದುಕೊಂಡಿದೆ. ಸಾಲು ಸಾಲಾಗಿ ಓದಿದರೆ ಬೆರಳು ಇಟ್ಟು ತೋರಿಸುವಂಥದ್ದು ಏನೂ ಸಿಗುವುದಿಲ್ಲ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಆ ಉದ್ದ ಎಂಬ ಸಂಖ್ಯೆಯನ್ನು ಹೇಳಿದವರು ಯಾರು?

ಹೇಳಿದ್ದು ಎದುರಿನವನು. ಅವನು ಸುಳ್ಳು ಹೇಳಿದರೆ? 5 ಬೈಟ್ ಮಾತು ಕಳಿಸಿ "ಇದು 65,535 ಬೈಟ್ ಇದೆ, ವಾಪಸ್ ಕೊಡು" ಅಂದರೆ? ಸರ್ವರ್ ಆ 5 ಬೈಟ್ ಕೊಟ್ಟು, ಅಲ್ಲಿಗೆ ನಿಲ್ಲದೆ, ತನ್ನ ನೆನಪಿನಲ್ಲಿ ಅದರ ಪಕ್ಕಕ್ಕೆ ಏನಿದೆಯೋ ಅದನ್ನೆಲ್ಲ 64 ಕಿಲೋಬೈಟ್ ತನಕ ಎತ್ತಿ ಕೊಟ್ಟುಬಿಡುತ್ತಿತ್ತು. ಅಲ್ಲಿ ಬೇರೆಯವರ ಪಾಸ್‌ವರ್ಡ್ ಇರಬಹುದು. ಸರ್ವರ್‌ನ ಗುಪ್ತ ಕೀಲಿಯೇ ಇರಬಹುದು. ಎಷ್ಟು ಸಲ ಬೇಕಾದರೂ ಕೇಳಬಹುದಿತ್ತು.

ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಗೂಗಲ್‌ನ ಒಬ್ಬ ಎಂಜಿನಿಯರ್ ಮತ್ತು ಫಿನ್ಲೆಂಡ್‌ನ ಕೋಡ್‌ನಾಮಿಕಾನ್ ಕಂಪನಿಯವರು ಬೇರೆ ಬೇರೆಯಾಗಿ ಅದನ್ನು ಕಂಡುಹಿಡಿದರು. 2014ರ ಏಪ್ರಿಲ್ 7ರಂದು ಸುದ್ದಿ ಹೊರಬಂತು. ಬೀಗ ಹಾಕಿಕೊಂಡು ಕೂತಿದ್ದ ಸರ್ವರ್‌ಗಳಲ್ಲಿ ಶೇ 17ರಷ್ಟು, ಅಂದರೆ ಸುಮಾರು ಐದು ಲಕ್ಷ, ತೆರೆದಿದ್ದವು ಅಂತ ಆಗ ಲೆಕ್ಕ ಹಾಕಿದರು. ಕೆನಡಾದ ತೆರಿಗೆ ಇಲಾಖೆಯಿಂದ 900 ಜನರ ಗುರುತಿನ ಸಂಖ್ಯೆಗಳು ಕಳುವಾದವು.

ಸರಿಪಡಿಸಿದ ಸಾಲನ್ನು ಹತ್ತಿರದಿಂದ ನೋಡಿ. ಸಂದೇಶದ ಬಗೆಗೆ 1 ಬೈಟ್, ಉದ್ದಕ್ಕೆ 2 ಬೈಟ್, ಅವನು ಹೇಳಿದ ಉದ್ದ, ಕೊನೆಗೆ ತುಂಬಿಸಲೇಬೇಕಾದ 16 ಬೈಟ್. ಇವಿಷ್ಟನ್ನೂ ಕೂಡಿಸು. ಮೊತ್ತ, ನಿಜವಾಗಿ ಬಂದ ಸಂದೇಶಕ್ಕಿಂತ ಜಾಸ್ತಿಯಾದರೆ, ಏನೂ ಹೇಳದೆ ಆ ಸಂದೇಶವನ್ನು ಬಿಸಾಕು. ಒಂದು ಕೂಡುವ ಲೆಕ್ಕ, ಒಂದು ಹೋಲಿಕೆ. ತಿದ್ದುಪಡಿಯ ತಿರುಳು ಇಷ್ಟೇ. ರಿವ್ಯೂ ಮಾಡಿದವರ ಮುಂದೆ ಇದ್ದ ಡಿಫ್‌ನಲ್ಲಿ ಈ ಸಾಲು ಇರಲಿಲ್ಲ. ಇಲ್ಲದ ಸಾಲಿನ ಮೇಲೆ ಕಣ್ಣು ನಿಲ್ಲುವುದಾದರೂ ಹೇಗೆ?

ನಿಲ್ಲುವಂತೆ ಮಾಡಲು ಒಂದು ಅಭ್ಯಾಸ ಬೇಕು. ನಾನು ಡಿಫ್ ತೆರೆಯುವ ಮುಂಚೆಯೇ, ಬದಲಾವಣೆಯ ವಿವರಣೆ ಓದಿ, ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ: ಇದನ್ನು ನಾನೇ ಬರೆಯುವುದಾದರೆ ಏನೇನು ನೋಡಿಕೊಳ್ಳುತ್ತಿದ್ದೆ? ಫೈಲ್ ಓದುವ ಕೋಡ್ ಅಂದರೆ, ಫೈಲ್ ಇಲ್ಲದೇ ಹೋದರೆ, ಖಾಲಿ ಇದ್ದರೆ, ಓದುತ್ತಿರುವಾಗಲೇ ಅಳಿಸಿಹೋದರೆ. ಹೊರಗಿನಿಂದ ಸಂಖ್ಯೆ ಬರುತ್ತದೆ ಅಂದರೆ, ಸೊನ್ನೆ ಬಂದರೆ, ಋಣ ಸಂಖ್ಯೆ ಬಂದರೆ, ಸುಳ್ಳು ಬಂದರೆ. ಆಮೇಲೆ ಡಿಫ್ ತೆರೆದು ಚೀಟಿಗೆ ತಾಳೆ ನೋಡುವುದು. ಮೊದಲೇ ಡಿಫ್ ತೆರೆದರೆ ಬರೆದವರ ಯೋಚನೆಯ ಜಾಡಿನಲ್ಲೇ ನಮ್ಮ ಮನಸ್ಸೂ ಹೋಗಿಬಿಡುತ್ತದೆ. ಅವರು ಮರೆತದ್ದನ್ನು ನಾವೂ ಮರೆಯುತ್ತೇವೆ. ಈ ಚೀಟಿಗೆ ಐದು ನಿಮಿಷ ಹಿಡಿಯುತ್ತದೆ. ನನ್ನ ಅನುಭವದಲ್ಲಿ ಇಡೀ ರಿವ್ಯೂನಲ್ಲಿ ಇದಕ್ಕಿಂತ ಬೆಲೆಬಾಳುವ ಐದು ನಿಮಿಷ ಬೇರೆ ಇಲ್ಲ.

ತೆಗೆದುಹಾಕಿದ ಸಾಲಿನ ವಿಷಯಕ್ಕೆ ಇನ್ನೂ ಜಾಸ್ತಿ ಎಚ್ಚರ ಬೇಕು. ಸೇರಿಸಿದ ಕೋಡನ್ನು ನಾವು ಅನುಮಾನದಿಂದ ಓದುತ್ತೇವೆ. ತೆಗೆದದ್ದನ್ನು ಕಂಡರೆ "ಒಳ್ಳೇದಾಯ್ತು, ಕೋಡ್ ಕಡಿಮೆಯಾಯ್ತು" ಅಂತ ಮುಂದೆ ಹೋಗುತ್ತೇವೆ. 2006ರಲ್ಲಿ ಡೆಬಿಯನ್‌ನಲ್ಲಿ ಆದದ್ದು ಹೀಗೆ. ಡೆಬಿಯನ್ ಅಂದರೆ ಲಿನಕ್ಸ್‌ನ ಒಂದು ಹಳೆಯ, ತುಂಬಾ ಜನ ನಂಬುವ ವಿತರಣೆ. ಅವರು ಹಂಚುತ್ತಿದ್ದ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಎರಡು ಸಾಲುಗಳು ದೋಷ ಹುಡುಕುವ ಸಾಧನಗಳಿಗೆ ಕಿರಿಕಿರಿ ಮಾಡುತ್ತಿದ್ದವು. "ಇನ್ನೂ ಏನೂ ತುಂಬಿಸದ ಜಾಗವನ್ನು ಓದುತ್ತಿದ್ದೀರಿ" ಅಂತ ಎಚ್ಚರಿಕೆ ಬರುತ್ತಿತ್ತು. ಆ ಎರಡು ಸಾಲನ್ನು ನಿಷ್ಕ್ರಿಯ ಮಾಡಿದರು. ಎಚ್ಚರಿಕೆ ನಿಂತಿತು, ಉಳಿದದ್ದೆಲ್ಲ ಮೊದಲಿನಂತೆಯೇ ಓಡಿತು.

ಆದರೆ ಅದರಲ್ಲಿ ಒಂದು ಸಾಲು, ಗುಪ್ತ ಕೀಲಿ ಮಾಡಲು ಬೇಕಾದ ಯಾದೃಚ್ಛಿಕತೆಯನ್ನು, ಅಂದರೆ ಯಾರೂ ಊಹಿಸಲಾಗದ ಮಿಶ್ರಣವನ್ನು, ಒಳಗೆ ಸುರಿಯುವ ಸಾಲಾಗಿತ್ತು. ಅದು ಹೋದ ಮೇಲೆ ಮಿಶ್ರಣಕ್ಕೆ ಉಳಿದದ್ದು ಬಹುಮಟ್ಟಿಗೆ ಪ್ರೋಸೆಸ್ ಸಂಖ್ಯೆ, ಅಂದರೆ ಓಡುತ್ತಿರುವ ಪ್ರೋಗ್ರಾಂಗೆ ಯಂತ್ರ ಕೊಡುವ ಸಂಖ್ಯೆ, ಒಂದೇ. ಅದು ಹೆಚ್ಚೆಂದರೆ 32,768. ಕೋಟಿ ಕೋಟಿ ಕೋಟಿಯಲ್ಲಿ ಒಂದಾಗಬೇಕಿದ್ದ ಕೀಲಿ ಮೂವತ್ತೆರಡು ಸಾವಿರ ಚಿಲ್ಲರೆಯಲ್ಲಿ ಒಂದಾಯಿತು. ಕಂಪ್ಯೂಟರ್‌ಗೆ ಅಷ್ಟನ್ನು ಒಂದೊಂದಾಗಿ ಹಾಕಿ ನೋಡುವುದು ಏನೂ ಕಷ್ಟವಲ್ಲ. 2008ರ ಮೇ 13ರಂದು ಇದು ಹೊರಬಂತು. ತಂತ್ರಾಂಶ ಸರಿಮಾಡಿದರೆ ಸಾಕಾಗಲಿಲ್ಲ. ಆ ಎರಡು ವರ್ಷಗಳಲ್ಲಿ ಆ ಯಂತ್ರಗಳಲ್ಲಿ ಹುಟ್ಟಿದ ಕೀಲಿಗಳನ್ನೆಲ್ಲ ಎಸೆದು ಹೊಸದು ಮಾಡಿಕೊಳ್ಳಬೇಕಾಯಿತು.

ಬದಲಾವಣೆ ಮಾಡಿದವರು ಕಣ್ಣುಮುಚ್ಚಿ ಮಾಡಿದ್ದಲ್ಲ ಎನ್ನುವುದನ್ನು ಹೇಳಲೇಬೇಕು. ಅವರು ಓಪನ್‌ಎಸ್‌ಎಸ್‌ಎಲ್ ತಂಡದವರ ಬಳಿ ಕೇಳಿದ್ದರು. ಬಂದ ಉತ್ತರ "ಬೇಡ" ಅಂತ ಇರಲಿಲ್ಲ. ಕೇಳಿದವರಿಗೂ ಉತ್ತರಿಸಿದವರಿಗೂ ಒಂದೇ ಚಿತ್ರ ಕಣ್ಣಮುಂದೆ ಇರಲಿಲ್ಲ ಅಷ್ಟೇ. ಅದಕ್ಕೇ, ಒಂದು ಸಾಲು ಹೋಗುತ್ತಿದೆ ಅಂದರೆ ನಾನು ಎರಡು ಪ್ರಶ್ನೆ ಕೇಳದೆ ಬಿಡುವುದಿಲ್ಲ. ಇದನ್ನು ಮೊದಲು ಯಾಕೆ ಬರೆದಿದ್ದರು? ಆ ಕಾರಣ ಈಗ ಇಲ್ಲವಾ? ಗಿಟ್‌ನಲ್ಲಿ ಬ್ಲೇಮ್ ಅಂತ ಒಂದು ಆದೇಶ ಇದೆ. ಪ್ರತಿ ಸಾಲನ್ನು ಕೊನೆಯ ಸಲ ಯಾರು, ಯಾವಾಗ, ಯಾವ ಬದಲಾವಣೆಯಲ್ಲಿ ಮುಟ್ಟಿದರು ಅಂತ ಅದು ತೋರಿಸುತ್ತದೆ, ಅಲ್ಲಿಂದ ಅದರ ವಿವರಣೆಗೂ ಹೋಗಬಹುದು. ಹೆಸರು ಕೇಳಿದರೆ ದೂರು ಹೇಳುವಂತಿದೆ, ಆದರೆ ನಾನು ಅದನ್ನು ಮನೆಯ ಹಿರಿಯರನ್ನು ಕೇಳಿದ ಹಾಗೆ ಬಳಸುತ್ತೇನೆ. ಇಲ್ಲಿ ಈ ಕಂಬ ಯಾಕಿದೆ ಅಂತ ಕೇಳದೆ ಕಂಬ ಕೀಳಬಾರದು.

ಗಾತ್ರದ ಬಗ್ಗೆಯೂ ಒಂದು ಮಾತು. ದಣಿದ ಕಣ್ಣು ಏನನ್ನೂ ಹಿಡಿಯುವುದಿಲ್ಲ. ಒಮ್ಮೆ ಕೂತಾಗ 200ರಿಂದ 400 ಸಾಲು ಅನ್ನುವುದು ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಅಂದಾಜು. ನನಗೂ ಅದು ನಿಜ ಅನ್ನಿಸಿದೆ. ಎರಡು ಸಾವಿರ ಸಾಲಿನ ಬದಲಾವಣೆ ಬಂದರೆ ಓದಲು ಕೂರುವ ಮುಂಚೆ "ಇದನ್ನು ಮೂರು ನಾಲ್ಕು ತುಂಡು ಮಾಡಿ ಕಳಿಸಬಹುದಾ?" ಅಂತ ಕೇಳುವುದು ಸೋಮಾರಿತನವಲ್ಲ. ಹೆಸರು ಬದಲಿಸಿದ್ದು ಒಂದು ತುಂಡು, ಫೈಲ್ ಜಾಗ ಬದಲಿಸಿದ್ದು ಒಂದು ತುಂಡು, ನಿಜವಾದ ಹೊಸ ಕೆಲಸ ಒಂದು ತುಂಡು. ಮೂರೂ ಕಲಸಿಹೋದರೆ ನಿಜವಾದ ಬದಲಾವಣೆ ಅದರೊಳಗೆ ಮುಚ್ಚಿಹೋಗುತ್ತದೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಡಿಫ್‌ನಿಂದ ಪೂರ್ತಿ ಹೊರಗೇ ಉಳಿಯುವ ಸಂಗತಿಗಳು ಇವೆ. 2024ರ ಮಾರ್ಚ್‌ನಲ್ಲಿ ಅದು ಎಲ್ಲರಿಗೂ ಗೊತ್ತಾಯಿತು. ಎಕ್ಸ್‌ಝೆಡ್ ಅಂತ ಫೈಲ್ ಕುಗ್ಗಿಸುವ ಒಂದು ಸಣ್ಣ ತಂತ್ರಾಂಶ. ಲಿನಕ್ಸ್ ಇರುವ ಕಡೆಯೆಲ್ಲ ಹೆಚ್ಚುಕಡಿಮೆ ಅದೂ ಇರುತ್ತದೆ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ನೋಡಿಕೊಂಡು ಬಂದದ್ದು ಮುಖ್ಯವಾಗಿ ಒಬ್ಬರೇ ಮೇಂಟೇನರ್, ಅದೂ ಸಂಬಳವಿಲ್ಲದೆ. ಅವರು ದಣಿದಿದ್ದರು. "ಪ್ಯಾಚ್‌ಗಳು ಕೊಳೆಯುತ್ತಿವೆ, ಬೇರೆಯವರಿಗೆ ಬಿಟ್ಟುಕೊಡಿ" ಅಂತ ಅವರ ಮೇಲೆ ಒತ್ತಡ ಬಂತು. ಆ ಹೊತ್ತಿಗೆ ಒಂದು ಹೆಸರಿನಲ್ಲಿ ಯಾರೋ ಬಂದು, ಒಳ್ಳೆಯ ಪ್ಯಾಚ್‌ಗಳನ್ನೇ ಕೊಟ್ಟು, ನಂಬಿಕೆ ಗಳಿಸಿ, ತಾವೂ ಮೇಂಟೇನರ್ ಆದರು. ಬಂದು ಎರಡು ವರ್ಷಕ್ಕೂ ಹೆಚ್ಚು ಕಾಲವಾದ ಮೇಲೆ, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು, ಅಂದರೆ ಗುಟ್ಟಾಗಿ ಒಳಗೆ ನುಗ್ಗುವ ದಾರಿ, ಇಟ್ಟರು.

ಇಟ್ಟದ್ದು ಎಲ್ಲಿ? ಕೆಡುಕಿನ ಮುಖ್ಯ ಭಾಗ, ಪರೀಕ್ಷೆಗೆಂದು ಇಟ್ಟ ಫೈಲ್‌ಗಳ ಒಳಗೆ ಅಡಗಿತ್ತು. ಕುಗ್ಗಿಸುವ ತಂತ್ರಾಂಶಕ್ಕೆ ಕೆಟ್ಟುಹೋದ ಫೈಲ್‌ಗಳೂ ಪರೀಕ್ಷೆಗೆ ಬೇಕಲ್ಲ. ಅವನ್ನು ಮನುಷ್ಯರು ಓದಲಾಗದು. ಅದನ್ನು ಬಿಚ್ಚಿ ಕೆಲಸಕ್ಕೆ ಹಚ್ಚುವ ತುಣುಕು ಗಿಟ್‌ನಲ್ಲಿ ಇರಲೇ ಇಲ್ಲ. ಬಿಡುಗಡೆಗೆಂದು ಕಟ್ಟಿಟ್ಟ ಕಡತದಲ್ಲಿ ಮಾತ್ರ ಇತ್ತು. ಗಿಟ್‌ನ ಡಿಫ್‌ಗಳನ್ನೆಲ್ಲ ಬಿಡದೆ ಓದಿದವರಿಗೂ ಅದು ಕಾಣುತ್ತಿರಲಿಲ್ಲ.

ಆದರೆ ಒಂದು ಸುಳಿವು ಡಿಫ್‌ನಲ್ಲೇ ಇತ್ತು. ಅದೇ ಹೆಸರಿನಲ್ಲಿ ಬಂದ ಇನ್ನೊಂದು ಬದಲಾವಣೆ, ಲ್ಯಾಂಡ್‌ಲಾಕ್ ಎಂಬ ಕಾವಲು ವ್ಯವಸ್ಥೆ ಈ ಯಂತ್ರದಲ್ಲಿ ಇದೆಯಾ ಅಂತ ಪರೀಕ್ಷಿಸುವ ಒಂದು ಪುಟ್ಟ ತುಣುಕನ್ನು ತಿದ್ದಿತ್ತು. ಒಂದು ಸಾಲಿನ ಮೊದಲಿಗೆ ಒಂದು ಚುಕ್ಕಿ. ಬರೀ ಒಂದು ಪೂರ್ಣವಿರಾಮ. ಆ ಚುಕ್ಕಿಯಿಂದ ಪರೀಕ್ಷೆಯ ತುಣುಕು ಎಂದೂ ಕಂಪೈಲ್ ಆಗುತ್ತಿರಲಿಲ್ಲ, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ಬರುತ್ತಿರಲಿಲ್ಲ. ಹಾಗಾಗಿ "ಲ್ಯಾಂಡ್‌ಲಾಕ್ ಇಲ್ಲ" ಅಂತಲೇ ಉತ್ತರ ಬರುತ್ತಿತ್ತು, ಕಾವಲು ತಾನಾಗಿ ಆಫ್ ಆಗುತ್ತಿತ್ತು. ಪ್ಲಸ್ ಗುರುತಿನ ಪಕ್ಕದಲ್ಲಿ ಒಂದು ಚುಕ್ಕಿ. ಪರದೆಯ ಮೇಲೆ ಕೂತ ಧೂಳಿನ ಕಣದಷ್ಟು. ಕಣ್ಣಿನಿಂದ ಇದನ್ನು ಹಿಡಿಯುವುದು ಬಹಳ ಕಷ್ಟ. ಆದರೆ ಬದಲಾವಣೆಯನ್ನು ಇಳಿಸಿಕೊಂಡು, ಲ್ಯಾಂಡ್‌ಲಾಕ್ ಇರುವ ಯಂತ್ರದಲ್ಲಿ ಕೋಡನ್ನು ಓಡುವ ತಂತ್ರಾಂಶವಾಗಿ ಕಟ್ಟಿ, "ಇದೆ ಅಂತ ಬರಬೇಕಿತ್ತಲ್ಲ, ಯಾಕೆ ಬರಲಿಲ್ಲ?" ಅಂತ ಕೇಳಿದ್ದರೆ ಸಿಗುತ್ತಿತ್ತು. ಓದುವುದರ ಜೊತೆಗೆ ಓಡಿಸಿ ನೋಡಿ ಅಂತ ನಾನು ಪ್ರತಿಯೊಬ್ಬರಿಗೂ ಹೇಳುವುದು ಇದಕ್ಕೇ.

ಕೊನೆಗೆ ಆ ಹಿಂಬಾಗಿಲು ಸಿಕ್ಕಿದ್ದೂ ಓಡಿಸಿ ನೋಡಿದ್ದರಿಂದಲೇ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಕೆಲಸ ಮಾಡುವ ಆಂಡ್ರೆಸ್ ಫ್ರಾಯಿಂಡ್ ಬೇರೇನೋ ಅಳತೆ ಮಾಡುತ್ತಿದ್ದಾಗ, ದೂರದ ಯಂತ್ರದೊಳಗೆ ಹೋಗಲು ಬಳಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್‌ನಷ್ಟು ತಡವಾಗುವುದನ್ನು ಗಮನಿಸಿದರು. ಬಹಳ ಜನ ಬಿಟ್ಟುಬಿಡುತ್ತಿದ್ದರು. ಅವರು ಬೆನ್ನು ಹತ್ತಿದರು. ಮಾರ್ಚ್ 29ರಂದು ವಿಷಯ ಜಗತ್ತಿಗೆ ತಿಳಿಸಿದರು.

ಈ ಕಥೆಯಲ್ಲಿ ನನಗೆ ತುಂಬಾ ಚುಚ್ಚುವುದು ಆ ಒಂಟಿ ಮೇಂಟೇನರ್. ಹಾರ್ಟ್‌ಬ್ಲೀಡ್ ಹೊತ್ತಿನ ಓಪನ್‌ಎಸ್‌ಎಸ್‌ಎಲ್ ಸ್ಥಿತಿಯೂ ಹೀಗೇ ಇತ್ತು. ಜಗತ್ತಿನ ಅರ್ಧ ವ್ಯಾಪಾರ ಅದರ ಮೇಲೆ ನಿಂತಿತ್ತು, ಅದಕ್ಕೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್. ಕೋಡ್ ಬರೆದುಕೊಡುವವರು ಸಿಗುತ್ತಾರೆ, ಬಂದದ್ದನ್ನು ಕೂತು ಓದುವವರು ಸಿಗುವುದಿಲ್ಲ. ಒಂದು ದೊಡ್ಡ ಪ್ರಾಜೆಕ್ಟ್‌ಗೆ ಹೋಗಿ ನೋಡಿ, ತಿಂಗಳುಗಟ್ಟಲೆ ಯಾರೂ ಮುಟ್ಟದ ಬದಲಾವಣೆಗಳ ಸಾಲೇ ಇರುತ್ತದೆ.

"ನನಗೆ ಅಷ್ಟು ಅನುಭವ ಇಲ್ಲ, ನಾನು ಬೇರೆಯವರ ಕೋಡ್ ಏನು ನೋಡಲಿ" ಅಂತ ನಮ್ಮ ಹುಡುಗರು, ಹುಡುಗಿಯರು ಹಿಂದೆ ಸರಿಯುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಇಲ್ಲದ ಸಾಲು ಕಾಣಲು ಜಾಸ್ತಿ ಅನುಭವವೇ ಬೇಕು ಅಂತಿಲ್ಲ. ಬೇರೆ ಬದುಕು ಗೊತ್ತಿದ್ದರೂ ಸಾಕು. ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ.

ಫೋನ್ ನಂಬರ್‌ಗಳನ್ನು ಇಟ್ಟುಕೊಳ್ಳುವ ಒಂದು ಆ್ಯಪ್ ಇದೆ ಅಂದುಕೊಳ್ಳಿ. ಹೆಸರು ಉದ್ದವಾದರೆ ಬಟನ್‌ನಿಂದ ಆಚೆ ಹೋಗುತ್ತದೆ. ಅದಕ್ಕೆ ಒಬ್ಬರು ಒಂದೇ ಸಾಲಿನ ಬದಲಾವಣೆ ಕಳಿಸುತ್ತಾರೆ: ಹೆಸರನ್ನು ಮೊದಲ 10 ಅಕ್ಷರಕ್ಕೆ ಕತ್ತರಿಸು. ಪರೀಕ್ಷೆಗಳನ್ನೂ ಬರೆದಿದ್ದಾರೆ, ಇಂಗ್ಲಿಷ್ ಲಿಪಿಯ ಹೆಸರು ಹಾಕಿ. ಎಲ್ಲ ಪರೀಕ್ಷೆಯ ಪಕ್ಕವೂ ಹಸಿರು ಟಿಕ್. ಯಾರೂ ಬೆರಳು ತೋರಿಸಲಾರರು.

ಈಗ "ಭಾಗ್ಯಲಕ್ಷ್ಮಿ" ಅಂತ ಹಾಕಿ ನೋಡಿ. ನಮ್ಮ ಕಣ್ಣಿಗೆ ಇದು ನಾಲ್ಕೇ ಅಕ್ಷರ: ಭಾ, ಗ್ಯ, ಲ, ಕ್ಷ್ಮಿ. ಎಲ್ಲ ಲಿಪಿಗಳ ಚಿಹ್ನೆಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಇದು 12. ಭ, ಅದರ ದೀರ್ಘ, ಗ, ಅರ್ಧಾಕ್ಷರದ ಚಿಹ್ನೆ, ಯ, ಲ, ಕ, ಮತ್ತೆ ಅದೇ ಚಿಹ್ನೆ, ಷ, ಮತ್ತೆ ಅದೇ ಚಿಹ್ನೆ, ಮ, ಕೊನೆಗೆ ಗುಡಿಸು. ಹತ್ತಕ್ಕೆ ಕತ್ತರಿಸಿದರೆ ಬಟನ್ ಮೇಲೆ ಬರುವುದು "ಭಾಗ್ಯಲಕ್ಷ್". ಅದೇ ಕೋಡ್ ಬೈಟ್ ಲೆಕ್ಕದಲ್ಲಿ ಕತ್ತರಿಸುವುದಾದರೆ ಇನ್ನೂ ಕೆಟ್ಟದು. ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ಇಡೀ ಹೆಸರಿಗೆ 36. ಹತ್ತನೇ ಬೈಟ್‌ಗೆ ಕತ್ತರಿ ಹಾಕಿದರೆ "ಭಾಗ" ಅಂತ ಬಂದು ಪಕ್ಕದಲ್ಲಿ ಪ್ರಶ್ನೆಚಿಹ್ನೆಯ ಕಪ್ಪು ವಜ್ರ ಕೂರುತ್ತದೆ. ಹೆಲ್ಸಿಂಕಿಯಲ್ಲೋ ಸಿಯಾಟಲ್‌ನಲ್ಲೋ ಕೂತು ಬರೆದವರಿಗೆ ಇದು ಹೊಳೆಯುವ ದಾರಿಯೇ ಇಲ್ಲ. ಅವರ ತಪ್ಪೂ ಅಲ್ಲ. ಮೊದಲ ವರ್ಷದ ಎಂಜಿನಿಯರಿಂಗ್ ಓದುವ ಧಾರವಾಡದ ಹುಡುಗಿಗೆ ಒಂದು ನಿಮಿಷದಲ್ಲಿ ಕಾಣುತ್ತದೆ.

ಕಂಡದ್ದನ್ನು ಹೇಳುವ ರೀತಿಯೂ ಮುಖ್ಯ. "ಇದು ಭಾರತೀಯ ಭಾಷೆಗಳಿಗೆ ಆಗಲ್ಲ, ತಪ್ಪು" ಅಂತ ಬರೆದರೆ ಓದಿದವರಿಗೆ ಮುಂದೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ, ಮನಸ್ಸಿಗೆ ನೋವು ಮಾತ್ರ ಆಗುತ್ತದೆ. ಒಳ್ಳೆಯ ರಿವ್ಯೂ ಮಾತಿನಲ್ಲಿ ನಾನು ಮೂರು ಸಂಗತಿ ಹುಡುಕುತ್ತೇನೆ. ಏನು ಮಾಡಿ ನೋಡಿದೆ, ಏನು ಕಂಡಿತು, ಹೀಗೆ ಮಾಡಬಹುದಾ. ಜೊತೆಗೆ ಇದು ಸರಿಹೋಗದೆ ಮರ್ಜ್ ಆಗಬಾರದಾ, ಅಥವಾ ಸುಮ್ನೆ ಒಂದು ಸಲಹೆಯಾ ಅಂತ ಬಿಡಿಸಿ ಹೇಳಬೇಕು. ಸಣ್ಣಪುಟ್ಟದಕ್ಕೆ ಮುಂದೆ "ನಿಟ್" ಅಂತ ಹಾಕುವ ರೂಢಿ ಇದೆ. ಹಾಕಿದರೆ, ಬೇಕಾದರೆ ಬಿಡಬಹುದು ಅಂತ ಬರೆದವರಿಗೆ ಗೊತ್ತಾಗುತ್ತದೆ. ಕರ್ನಲ್‌ನಲ್ಲಿ ಪ್ಯಾಚ್‌ನ ಕೆಳಗೆ "ರಿವ್ಯೂಡ್ ಬೈ" ಅಂತ ನಮ್ಮ ಹೆಸರು ಹಾಕಿದರೆ ಅದಕ್ಕೂ ಒಂದು ಬರೆದಿಟ್ಟ ಅರ್ಥ ಇದೆ: ನಾನು ತಾಂತ್ರಿಕವಾಗಿ ಓದಿದ್ದೇನೆ, ನನ್ನ ಅನುಮಾನಗಳನ್ನು ಹೇಳಿದ್ದೇನೆ, ಇದು ಒಳಗೆ ಹೋಗಲು ಯೋಗ್ಯ ಅಂತ ನನಗೆ ಅನ್ನಿಸಿದೆ. ತಪ್ಪೇ ಇಲ್ಲ ಅಂತ ಗ್ಯಾರಂಟಿ ಕೊಟ್ಟ ಹಾಗಲ್ಲ.

ಹಲವು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿಯ ಮೊದಲ ಪ್ಯಾಚ್‌ಗೆ ನಾನು ಇಪ್ಪತ್ತಕ್ಕೂ ಹೆಚ್ಚು ಟಿಪ್ಪಣಿ ಬರೆದಿದ್ದೆ. ಸ್ಪೇಸ್ ಜಾಸ್ತಿ, ಹೆಸರು ಚೆನ್ನಾಗಿಲ್ಲ, ಈ ಸಾಲು ಮೇಲೆ ಹೋಗಲಿ. ಒಂದೊಂದೂ ಸರಿಯೇ. ಆ ಹುಡುಗ ಮತ್ತೆ ಬರಲಿಲ್ಲ. ಅವನ ಬದಲಾವಣೆ ಇವತ್ತಿಗೂ ಹಾಗೇ ತೆರೆದುಕೊಂಡಿದೆ, ಅವನು ಸರಿಪಡಿಸಲು ಹೊರಟಿದ್ದ ಬಗ್ ಕೂಡ. ಸ್ಪೇಸ್, ಅಲ್ಪವಿರಾಮದಂಥವನ್ನು ಈಗ ಯಂತ್ರವೇ ನೋಡಿ ತಿದ್ದುತ್ತದೆ. ನಾನು ಈಗ ಮೊದಲು ಬರೆಯುವುದು, ಈ ಬದಲಾವಣೆಯಿಂದ ಏನು ಒಳ್ಳೆಯದಾಯಿತು ಅಂತ. ಆಮೇಲೆ ಅತಿ ಮುಖ್ಯವಾದ ಒಂದೋ ಎರಡೋ ಪ್ರಶ್ನೆ. ಗೂಗಲ್ ತನ್ನ ಎಂಜಿನಿಯರ್‌ಗಳಿಗೆ ಬರೆದು ಎಲ್ಲರಿಗೂ ತೆರೆದಿಟ್ಟಿರುವ ಸೂಚನೆಯಲ್ಲೂ ಒಂದು ಮಾತಿದೆ. ಬದಲಾವಣೆ ಪರಿಪೂರ್ಣ ಆಗಬೇಕು ಅಂತ ಕಾಯಬೇಡಿ, ಒಟ್ಟು ಕೋಡ್ ಮೊದಲಿಗಿಂತ ಉತ್ತಮ ಆಗುತ್ತದೆ ಅಂದರೆ ಒಪ್ಪಿ ಅನ್ನುವ ಅರ್ಥದ್ದು. ನನಗೆ ಅದು ತಡವಾಗಿ ಅರ್ಥವಾಯಿತು.

ನೀವು ದಿನಾ ಬಳಸುವ ಒಂದು ಓಪನ್ ಸೋರ್ಸ್ ಆ್ಯಪ್ ಆರಿಸಿಕೊಳ್ಳಿ. ಅದರ ಪುಟದಲ್ಲಿ ಕಾಯುತ್ತಾ ಕೂತಿರುವ ಒಂದು ಸಣ್ಣ ಬದಲಾವಣೆ ಹುಡುಕಿ. ವಿವರಣೆ ಓದಿ, ಚೀಟಿ ಬರೆದುಕೊಳ್ಳಿ, ಆಮೇಲೆ ಡಿಫ್ ತೆರೆಯಿರಿ. ನಿಮ್ಮ ಕಂಪ್ಯೂಟರ್‌ಗೆ ಇಳಿಸಿ, ಕಟ್ಟಿ, ಓಡಿಸಿ. ನಿಮ್ಮ ಅಮ್ಮನ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ. ಕಂಡದ್ದನ್ನು ಹೀಗೆ ಬರೆಯಿರಿ:

"ನಮಸ್ಕಾರ. ಉದ್ದದ ಹೆಸರು ಬಟನ್‌ನಿಂದ ಆಚೆ ಹೋಗುವುದು ನನಗೂ ತೊಂದರೆಯಾಗಿತ್ತು, ಇದನ್ನು ಕೈಗೆತ್ತಿಕೊಂಡದ್ದಕ್ಕೆ ಥ್ಯಾಂಕ್ಸ್. ಇಳಿಸಿಕೊಂಡು ಓಡಿಸಿ ನೋಡಿದೆ. ಇಂಗ್ಲಿಷ್ ಹೆಸರಿಗೆ ಸರಿಯಾಗಿ ಬರುತ್ತಿದೆ. ಭಾಗ್ಯಲಕ್ಷ್ಮಿ ಅಂತ ಹಾಕಿದಾಗ ಭಾಗ್ಯಲಕ್ಷ್ ಅಂತ ಬಂತು, ಕೊನೆಯ ಅಕ್ಷರ ಒಡೆದುಹೋಯಿತು. ಚಿತ್ರ ಲಗತ್ತಿಸಿದ್ದೇನೆ. ಹೆಸರನ್ನು ನಾವು ಕತ್ತರಿಸದೆ, ಬಟನ್ ಅಗಲ ನೋಡಿ ಮೊಟಕು ಮಾಡುವ ಕೆಲಸವನ್ನು ಪರದೆಯ ಕಡೆಗೇ ಬಿಡಬಹುದಾ? ಈ ಹೆಸರನ್ನು ಒಂದು ಪರೀಕ್ಷೆಯಾಗಿ ಸೇರಿಸಿದರೆ ಮುಂದೆ ಯಾರೂ ಮರೆಯುವುದಿಲ್ಲ. ಬೇಕಾದರೆ ಆ ಪರೀಕ್ಷೆ ನಾನೇ ಬರೆದುಕೊಡುತ್ತೇನೆ."